ವಿತರಿತ ದತ್ತ ಭಂಡಾರದ ಕಾರ್ಯಕ್ಷಮತೆ ಮತ್ತು ಅದರ ಮೇಲ್ವಿಚಾರಣೆ

ಯಾವುದೇ ಸಂಸ್ಥೆಯ ಬಾಳಿಕೆಗೆ ಎರಡು ಏರ್ಪಾಡುಗಳು ಅವಶ್ಯಕ. ಒಬ್ಬರು ಇಲ್ಲದಾಗ ಇನ್ನೊಬ್ಬರು ಹೊಣೆ ಹೊತ್ತು ನಡೆಸುವುದು ಮೊದಲನೆಯದು. ಆ ಹೊಣೆ ಯಾರ ಹೆಗಲ ಮೇಲೆ ಎಷ್ಟು ಭಾರವಾಗಿ ಬಿದ್ದಿದೆ ಎಂಬುದನ್ನು ಕಾಲಕಾಲಕ್ಕೆ ಕಂಡುಕೊಳ್ಳುವುದು ಎರಡನೆಯದು. ಮೊದಲನೆಯದು ಮಾತ್ರ ಇದ್ದು ಎರಡನೆಯದು ಇಲ್ಲವಾದರೆ ಸಂಸ್ಥೆಯು ಹೊರನೋಟಕ್ಕೆ ಸುಭದ್ರವಾಗಿ ಕಾಣುತ್ತಲೇ ಒಳಗೆ ಸವೆಯತೊಡಗುತ್ತದೆ. ಮನುಷ್ಯರು ಕಟ್ಟಿದ ಸಂಸ್ಥೆಗಳಿಗೆ ಸಲ್ಲುವ ಈ ಮಾತು ಗಣಕಯಂತ್ರಗಳ ಸಮೂಹಕ್ಕೂ ಅಕ್ಷರಶಃ ಸಲ್ಲುತ್ತದೆ. ವಿತರಿತ ದತ್ತ ಭಂಡಾರವೆಂಬ ವ್ಯವಸ್ಥೆ ಇದಕ್ಕೆ ಉತ್ತಮ ನಿದರ್ಶನ. ಆ ಭಂಡಾರದ ರಚನೆ, ಅದರ ಆರೋಗ್ಯವನ್ನು ಅಳೆಯುವ ಬಗೆ ಮತ್ತು ಆ ಅಳತೆಯಲ್ಲಿ ಅನುಸರಿಸಬೇಕಾದ ವಿವೇಕ, ಇವು ಪ್ರಸ್ತುತ ಲೇಖನದ ವಿಷಯ.

1. ಭಂಡಾರದ ಸ್ವರೂಪ

ಜಾತ್ರೆಯ ದಿನ ದೇವಸ್ಥಾನದ ಬಾಗಿಲಲ್ಲಿ ಪಾದರಕ್ಷೆಗಳನ್ನು ಒಪ್ಪಿಸಿದವರ ಕೈಗೆ ಒಂದು ಬಿಲ್ಲೆ ಬರುತ್ತದೆ. ಮರಳಿ ಬಂದು ಬಿಲ್ಲೆಯನ್ನು ತೋರಿಸಿದರೆ ಆ ಸಂಖ್ಯೆಯ ಗೂಡಿನಲ್ಲಿರುವ ವಸ್ತು ದೊರೆಯುತ್ತದೆ. ವಸ್ತು ಯಾವುದು, ಯಾರದು ಎಂಬ ವಿಚಾರಣೆ ಅಲ್ಲಿಲ್ಲ. ಗಣಕವಿಜ್ಞಾನದಲ್ಲಿ ಕೀ-ವ್ಯಾಲ್ಯೂ ಭಂಡಾರವೆನ್ನುವುದು ಇಂಥದೇ ಏರ್ಪಾಡು. ‘ಕೀ’ ಎಂದರೆ ಬಿಲ್ಲೆ. ‘ವ್ಯಾಲ್ಯೂ’ ಎಂದರೆ ಗೂಡಿನಲ್ಲಿರುವ ವಸ್ತು.

ಇಂಥ ಭಂಡಾರ ಒಂದೇ ಯಂತ್ರದಲ್ಲಿದ್ದರೆ ಆ ಯಂತ್ರ ಕೆಟ್ಟ ದಿನ ಎಲ್ಲವೂ ನಿಲ್ಲುತ್ತದೆ. ಆದುದರಿಂದ ಅದೇ ಮಾಹಿತಿಯ ಪ್ರತಿಗಳನ್ನು ಮೂರು ಅಥವಾ ಐದು ಯಂತ್ರಗಳಲ್ಲಿ ಇರಿಸುವ ಪದ್ಧತಿ ಬಂದಿತು. ಇದೇ ವಿತರಿತ ಭಂಡಾರ. 2013ರಲ್ಲಿ ಕೋರ್‌ಓಎಸ್ ಎಂಬ ಸಂಸ್ಥೆ ಆರಂಭಿಸಿದ ‘ಎಟ್‌ಸಿಡಿ’ ಈ ವರ್ಗಕ್ಕೆ ಸೇರಿದ್ದು. ಸಾವಿರಾರು ಯಂತ್ರಗಳಲ್ಲಿ ಕೆಲಸಗಳನ್ನು ಹಂಚುವ ‘ಕ್ಯೂಬರ್ನೆಟೀಸ್’ ವ್ಯವಸ್ಥೆಯು ತನ್ನ ಸಮಸ್ತ ಸ್ಥಿತಿಗತಿಯನ್ನು ಸಾಮಾನ್ಯವಾಗಿ ಎಟ್‌ಸಿಡಿಯಲ್ಲಿಯೇ ಬರೆದಿಡುತ್ತದೆ. ಹೀಗಾಗಿ ಭಂಡಾರ ಗಾತ್ರದಲ್ಲಿ ಚಿಕ್ಕದಾದರೂ ಅದನ್ನು ಆಶ್ರಯಿಸಿರುವ ಸೇವೆಗಳು ಅಪಾರ.

ಮೂರು ಯಂತ್ರಗಳಲ್ಲಿ ಮೂರು ಪ್ರತಿಗಳಿದ್ದಾಗ ಅವು ಒಂದಕ್ಕೊಂದು ಹೊಂದಿಕೆಯಾಗಿಯೇ ಇರಬೇಕಲ್ಲವೆ? ಇದಕ್ಕಾಗಿ ಎಟ್‌ಸಿಡಿ ‘ರಾಫ್ಟ್’ ಎಂಬ ವಿಧಾನವನ್ನು ಅನುಸರಿಸುತ್ತದೆ. ಡಿಯಾಗೋ ಒಂಗಾರೋ ಮತ್ತು ಜಾನ್ ಔಸ್ಟರ್‌ಹೌಟ್ ಅವರು 2014ರಲ್ಲಿ ಇದನ್ನು ವಿದ್ವತ್ ಪ್ರಬಂಧವಾಗಿ ಪ್ರಕಟಿಸಿದರು. ಯಂತ್ರಗಳು ತಮ್ಮಲ್ಲೊಂದನ್ನು ನಾಯಕನನ್ನಾಗಿ ಆರಿಸಿಕೊಳ್ಳುತ್ತವೆ. ಪ್ರತಿಯೊಂದು ಹೊಸ ಬರಹವನ್ನೂ ನಾಯಕ ಇತರರಿಗೆ ಕಳುಹಿಸುತ್ತದೆ. ಬಹುಮತದಷ್ಟು ಯಂತ್ರಗಳು ಅದನ್ನು ತಮ್ಮ ಡಿಸ್ಕಿನಲ್ಲಿ ಬರೆದುಕೊಂಡ ಮೇಲೆಯೇ ಆ ಬರಹ ಸ್ಥಿರವಾಯಿತೆಂದು ಪರಿಗಣಿತವಾಗುತ್ತದೆ. ನಾಯಕ ತಾನು ಜೀವಂತವಾಗಿರುವುದನ್ನು ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೊಮ್ಮೆ ಸಾರುತ್ತಿರುತ್ತದೆ. ಸುಮಾರು 1000 ಮಿಲಿಸೆಕೆಂಡ್ ಕಾಲ ಆ ಸುಳಿವು ಬಾರದಿದ್ದರೆ ಉಳಿದವು ಹೊಸ ಚುನಾವಣೆ ನಡೆಸುತ್ತವೆ. ಮೂರರಲ್ಲಿ ಒಂದು ಕೆಟ್ಟರೆ ಎರಡರ ಬಹುಮತ ಉಳಿಯುತ್ತದೆ. ಐದರಲ್ಲಿ ಎರಡು ಕೆಟ್ಟರೂ ಮೂರರ ಬಹುಮತ ಉಳಿಯುತ್ತದೆ. ನಾಲ್ಕು ಯಂತ್ರಗಳಿದ್ದರೆ ಬಹುಮತಕ್ಕೆ ಮೂರು ಬೇಕಾಗುವುದರಿಂದ ಸಹಿಸಬಹುದಾದ ನಷ್ಟ ಮತ್ತೆ ಒಂದೇ. ಬೆಸ ಸಂಖ್ಯೆಯ ಯಂತ್ರಗಳನ್ನು ಇಡುವ ರೂಢಿಗೆ ಇದೇ ಕಾರಣ.

ಈ ವ್ಯವಸ್ಥೆಯ ಗುಣದಲ್ಲಿಯೇ ಅದರ ಅಪಾಯವೂ ಅಡಗಿದೆ. ಮೂರರಲ್ಲಿ ಒಂದು ಯಂತ್ರ ಕೆಟ್ಟ ದಿನ ಬಳಕೆದಾರರಿಗೆ ಯಾವ ತೊಂದರೆಯೂ ಕಾಣದು. ಯಾರೂ ದೂರುವುದಿಲ್ಲ, ದೂರವಾಣಿ ಮೊಳಗುವುದಿಲ್ಲ. ಆದರೆ ಅಂದಿನಿಂದ ಇಡೀ ವ್ಯವಸ್ಥೆ ಕೊನೆಯ ಆಸರೆಯ ಮೇಲೆ ನಿಂತಿರುತ್ತದೆ. ಇನ್ನೊಂದು ಕೆಟ್ಟ ಕ್ಷಣವೇ ಬರಹವೆಲ್ಲ ನಿಂತುಹೋಗುತ್ತದೆ. ನೋವನ್ನು ಸಹಿಸುವ ಶಕ್ತಿಯೇ ಗಾಯವನ್ನು ಮುಚ್ಚಿಡುತ್ತದೆ. ಆದುದರಿಂದ ಬಳಕೆದಾರರ ದೂರನ್ನೇ ರೋಗಲಕ್ಷಣವೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಹೊರಗೆ ಕಾಣದ ಗಾಯವನ್ನು ಹುಡುಕಿ ತೋರಿಸುವುದೇ ಮೇಲ್ವಿಚಾರಣೆಯ ಮುಖ್ಯ ಧರ್ಮ.

2. ಅಳೆಯಬೇಕಾದ ಅಂಶಗಳು

ಎಟ್‌ಸಿಡಿ ತನ್ನ ಬಗ್ಗೆ ನೂರಾರು ಅಂಕಿಗಳನ್ನು ತಾನೇ ಒದಗಿಸುತ್ತದೆ. ಎಲ್ಲವನ್ನೂ ನೋಡಹೊರಟವರು ಯಾವುದನ್ನೂ ನೋಡಲಾರರು. ವೈದ್ಯರು ಮೊದಲು ನಾಡಿ, ಉಸಿರು ಮತ್ತು ಮೈಶಾಖವನ್ನು ಪರೀಕ್ಷಿಸುವಂತೆ ಇಲ್ಲಿಯೂ ನಾಲ್ಕು ಅಂಶಗಳಿಗೆ ಅಗ್ರಸ್ಥಾನ ಸಲ್ಲಬೇಕು.

ಮೊದಲನೆಯದು ನಾಯಕತ್ವ. ಪ್ರತಿಯೊಂದು ಯಂತ್ರವೂ ತನಗೆ ನಾಯಕ ಗೋಚರವಾಗಿದ್ದರೆ 1 ಎಂದೂ ಇಲ್ಲವಾದರೆ 0 ಎಂದೂ ವರದಿ ಮಾಡುತ್ತದೆ. 0 ಎಂದರೆ ಆ ಯಂತ್ರ ಸೇವೆಗೆ ದೊರೆಯದ ಸ್ಥಿತಿಯಲ್ಲಿದೆ ಎಂದೇ ಅರ್ಥ. ನಾಯಕ ಎಷ್ಟು ಬಾರಿ ಬದಲಾಯಿತೆಂಬ ಎಣಿಕೆಯೂ ಮುಖ್ಯವಾದುದು. ಯಂತ್ರವೊಂದನ್ನು ದುರಸ್ತಿಗೆ ನಿಲ್ಲಿಸಿದಾಗ ನಾಯಕ ಬದಲಾಗುವುದು ಸಹಜ. ಕಾರಣವಿಲ್ಲದೆ ಮೇಲಿಂದ ಮೇಲೆ ಬದಲಾಗುತ್ತಿದ್ದರೆ ಜಾಲದಲ್ಲಿಯೋ ಡಿಸ್ಕಿನಲ್ಲಿಯೋ ದೋಷವಿದೆ ಎಂದು ತಿಳಿಯಬೇಕು.

ಎರಡನೆಯದು ಡಿಸ್ಕಿನ ವೇಗ. ಬರಹ ಡಿಸ್ಕಿನಲ್ಲಿ ಭದ್ರವಾಗಿ ಕುಳಿತ ಹೊರತು ಯಂತ್ರ ಒಪ್ಪಿಗೆ ನೀಡುವಂತಿಲ್ಲವಾದ್ದರಿಂದ, ಡಿಸ್ಕು ನಿಧಾನವಾದರೆ ಭಂಡಾರವೇ ನಿಧಾನವಾಗುತ್ತದೆ. ನಾಯಕನ ಡಿಸ್ಕು ತೀರ ನಿಧಾನವಾದರೆ ಜೀವಂತಿಕೆಯ ಸುಳಿವು ಕಳುಹಿಸುವುದೂ ತಡವಾಗಿ ಅನಗತ್ಯ ಚುನಾವಣೆ ನಡೆಯಬಹುದು. ದಿನಚರಿ ಕಡತದ ಬರಹ ಡಿಸ್ಕಿಗೆ ಇಳಿಯುವ ಕಾಲ, 100ರಲ್ಲಿ 99 ಸಲವಾದರೂ 10 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕು. ಮುಖ್ಯ ಭಂಡಾರಕ್ಕೆ ಸೇರಿಸುವ ಕಾಲ ಅದೇ ಅಳತೆಯಲ್ಲಿ 25 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕು. ಇವು ಎಟ್‌ಸಿಡಿಯ ಕೈಪಿಡಿ ಹೇಳುವ ಮಿತಿಗಳು.

ಮೂರನೆಯದು ಬಾಕಿ ಕೆಲಸ. ಒಪ್ಪಿಗೆಗಾಗಿ ಕಾದಿರುವ ಬರಹಗಳೆಷ್ಟು, ವಿಫಲವಾದವೆಷ್ಟು, ಬಹುಮತದಿಂದ ಸ್ಥಿರವಾಗಿಯೂ ಇನ್ನೂ ಭಂಡಾರದಲ್ಲಿ ಜಾರಿಯಾಗದಿರುವವೆಷ್ಟು ಎಂಬ ಮೂರು ಲೆಕ್ಕಗಳು ಇಲ್ಲಿ ಸೇರುತ್ತವೆ. ಈ ಬಾಕಿ ಏರುತ್ತಲೇ ಇದ್ದರೆ ಯಂತ್ರಗಳು ತಮ್ಮ ಶಕ್ತಿಗೆ ಮೀರಿದ ಭಾರ ಹೊತ್ತಿವೆ ಎಂದರ್ಥ.

ನಾಲ್ಕನೆಯದು ಗಾತ್ರ. ಎಟ್‌ಸಿಡಿಯ ಸಹಜ ಮಿತಿ 2 ಗಿಗಾಬೈಟ್. ಹಿಗ್ಗಿಸಬೇಕಾದರೂ 8 ಗಿಗಾಬೈಟ್ ದಾಟಬಾರದೆಂಬುದು ಸಲಹೆ. ಮಿತಿ ಮುಟ್ಟಿದೊಡನೆ ಭಂಡಾರ ಎಚ್ಚರಿಕೆ ಎಬ್ಬಿಸಿ, ಓದುವುದನ್ನೂ ಅಳಿಸುವುದನ್ನೂ ಬಿಟ್ಟು ಬೇರೆ ಕೆಲಸಕ್ಕೆ ಒಪ್ಪದು. ಇಲ್ಲಿ ಎರಡು ಅಂಕಿಗಳನ್ನು ಜೊತೆಯಾಗಿ ನೋಡಬೇಕು: ಕಡತದ ಒಟ್ಟು ಗಾತ್ರ ಮತ್ತು ಅದರಲ್ಲಿ ವಾಸ್ತವವಾಗಿ ಬಳಕೆಯಲ್ಲಿರುವ ಭಾಗ. ಹಳೆಯ ಆವೃತ್ತಿಗಳನ್ನು ತೆಗೆದುಹಾಕಿದರೂ ಕಡತ ತಾನಾಗಿ ಕುಗ್ಗುವುದಿಲ್ಲ. ಒಳಗೆ ಖಾಲಿ ಗೂಡುಗಳು ಉಳಿಯುತ್ತವೆ. ಎರಡರ ಅಂತರ ಹೆಚ್ಚಿದಾಗ ಕಡತವನ್ನು ಅಡಕಗೊಳಿಸಬೇಕು. ಅಡಕಗೊಳಿಸುವಾಗ ಆ ಯಂತ್ರ ಓದು-ಬರಹ ಎರಡನ್ನೂ ತಡೆಹಿಡಿಯುವುದರಿಂದ ಈ ಕೆಲಸವನ್ನು ಒಂದೊಂದೇ ಯಂತ್ರದಲ್ಲಿ ಮಾಡುವುದು ಕ್ಷೇಮ.

3. ಸರಾಸರಿಯ ಮರೀಚಿಕೆ

ಮೇಲೆ ‘100ರಲ್ಲಿ 99 ಸಲ’ ಎಂದು ಹೇಳಲಾಯಿತೇ ಹೊರತು ‘ಸರಾಸರಿ’ ಎನ್ನಲಿಲ್ಲ. ಇದಕ್ಕೆ ಬಲವಾದ ಕಾರಣವಿದೆ.

ನೂರು ಕೋರಿಕೆಗಳಲ್ಲಿ 99ಕ್ಕೆ ತಲಾ 5 ಮಿಲಿಸೆಕೆಂಡಿನಲ್ಲಿ ಉತ್ತರ ದೊರೆತು, ಒಂದಕ್ಕೆ ಮಾತ್ರ 2000 ಮಿಲಿಸೆಕೆಂಡ್ ಹಿಡಿಯಿತೆನ್ನೋಣ. ಒಟ್ಟು ಕಾಲ 2495; ಸರಾಸರಿ ಸುಮಾರು 25 ಮಿಲಿಸೆಕೆಂಡ್. ಈ 25 ಎಂಬುದು ಯಾರ ಅನುಭವವೂ ಅಲ್ಲ. ಬೇಗ ಉತ್ತರ ಪಡೆದವರದೂ ಅಲ್ಲ, ಕಾದವರದೂ ಅಲ್ಲ. ಪ್ರಸಾದ ನಿಲಯದ ಪಂಕ್ತಿಯಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಸಕಾಲದಲ್ಲಿ ಬಡಿಸಿ ಒಬ್ಬನನ್ನು ಎರಡು ಗಂಟೆ ಕಾಯಿಸಿದರೆ, ‘ಸರಾಸರಿಯಲ್ಲಿ ಎಲ್ಲರಿಗೂ ಬೇಗನೆ ಬಡಿಸಿದೆವು’ ಎಂಬ ಸಮಾಧಾನ ಆ ಒಬ್ಬನ ಹಸಿವನ್ನು ತಣಿಸದು.

ಆದುದರಿಂದ ಪರ್ಸೆಂಟೈಲ್ ಎಂಬ ಅಳತೆಯನ್ನು ಬಳಸುತ್ತಾರೆ. ಕೋರಿಕೆಗಳನ್ನು ವೇಗದ ಕ್ರಮದಲ್ಲಿ ನಿಲ್ಲಿಸಿದಾಗ 99ನೆಯ ಸ್ಥಾನದಲ್ಲಿರುವವನ ಅನುಭವವೇನು ಎಂಬುದು ಆ ಅಳತೆಯ ಪ್ರಶ್ನೆ. ಅಮೆಜಾನ್ ಸಂಸ್ಥೆಯ ತಜ್ಞರು 2007ರಲ್ಲಿ ಪ್ರಕಟಿಸಿದ ‘ಡೈನಮೋ’ ಎಂಬ ಕೀ-ವ್ಯಾಲ್ಯೂ ಭಂಡಾರದ ಪ್ರಬಂಧದಲ್ಲಿ ಇನ್ನೂ ಮುಂದೆ ಹೋಗಿ 99.9ನೆಯ ಪರ್ಸೆಂಟೈಲನ್ನೇ ತಮ್ಮ ಸೇವೆಯ ಮಾನದಂಡವನ್ನಾಗಿ ಇಟ್ಟುಕೊಂಡಿದ್ದರು. ನೂರರಲ್ಲಿ ಒಂದಲ್ಲವೆ ಎಂದು ಉಪೇಕ್ಷಿಸುವಂತೆಯೂ ಇಲ್ಲ. ಒಂದು ಪುಟವನ್ನು ತೋರಿಸಲು ಭಂಡಾರಕ್ಕೆ 50 ಪ್ರಶ್ನೆಗಳನ್ನು ಕೇಳಬೇಕಾಗಿದ್ದು, ಪ್ರತಿ ಪ್ರಶ್ನೆಯೂ ನಿಧಾನವಾಗುವ ಸಂಭವ ಶೇಕಡಾ 1 ಇದ್ದರೆ, ಐವತ್ತರಲ್ಲಿ ಒಂದಾದರೂ ನಿಧಾನವಾಗುವ ಸಂಭವ ಸುಮಾರು ಶೇಕಡಾ 40ರಷ್ಟಾಗುತ್ತದೆ. ಕೆಲವರ ಕಷ್ಟವೆಂದು ತೋರಿದ್ದು ಹೀಗೆ ಬಹುಜನರ ಕಷ್ಟವಾಗುತ್ತದೆ.

ಇನ್ನೊಂದು ಎಡವಟ್ಟನ್ನೂ ಇಲ್ಲಿ ಹೇಳಬೇಕು. ಮೂರು ಯಂತ್ರಗಳ ಮೂರು ಪರ್ಸೆಂಟೈಲುಗಳನ್ನು ಕೂಡಿಸಿ ಮೂರರಿಂದ ಭಾಗಿಸುವುದು ಗಣಿತದೃಷ್ಟಿಯಿಂದ ತಪ್ಪು. 5 ಮಿಲಿಸೆಕೆಂಡಿನೊಳಗೆ ಎಷ್ಟು, 10ರೊಳಗೆ ಎಷ್ಟು, 25ರೊಳಗೆ ಎಷ್ಟು ಎಂದು ಪ್ರತಿ ಯಂತ್ರವೂ ಎಣಿಸಿಟ್ಟ ಸಂಖ್ಯೆಗಳನ್ನು ಮೊದಲು ಕೂಡಿಸಿ, ಆ ಮೇಲೆ ಪರ್ಸೆಂಟೈಲನ್ನು ಅಂದಾಜು ಮಾಡಬೇಕು. ಇನ್ನೂ ಉತ್ತಮವೆಂದರೆ ಪ್ರತಿ ಯಂತ್ರವನ್ನೂ ಪ್ರತ್ಯೇಕವಾಗಿ ನೋಡುವುದು. ಏಕೆಂದರೆ ಇಬ್ಬರ ಆರೋಗ್ಯದ ಮರೆಯಲ್ಲಿ ಮೂರನೆಯವನ ಕಾಯಿಲೆ ಅಡಗಬಲ್ಲದು.

4. ಏರ್ಪಾಡಿನ ಕ್ರಮ

ಈ ಅಂಕಿಗಳನ್ನು ಕಲೆಹಾಕಲು ವ್ಯಾಪಕವಾಗಿ ಬಳಕೆಯಲ್ಲಿರುವ ಸಾಧನ ‘ಪ್ರೊಮಿಥಿಯಸ್’. ಇದು 2012ರಲ್ಲಿ ಬರ್ಲಿನ್ನಿನ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಆರಂಭವಾಯಿತು. ಯಂತ್ರಗಳು ತಾವಾಗಿ ವರದಿ ಕಳುಹಿಸುವುದನ್ನು ಇದು ಕಾಯುವುದಿಲ್ಲ; ಗೊತ್ತುಪಡಿಸಿದ ಅವಧಿಗೊಮ್ಮೆ, ಉದಾಹರಣೆಗೆ 15 ಸೆಕೆಂಡಿಗೊಮ್ಮೆ, ತಾನೇ ಪ್ರತಿ ಯಂತ್ರದ ಬಾಗಿಲಿಗೆ ಹೋಗಿ ಕೇಳಿ ಬರೆದುಕೊಳ್ಳುತ್ತದೆ. ಹಾಜರಿ ಕೂಗುವ ಉಪಾಧ್ಯಾಯರಂತೆ, ಉತ್ತರ ಬಾರದಿದ್ದುದನ್ನೂ ಅದು ಒಂದು ಸಂಗತಿಯೆಂದು ದಾಖಲಿಸುತ್ತದೆ. ಸಂಗ್ರಹವಾದುದನ್ನು ರೇಖಾಚಿತ್ರಗಳಾಗಿ ತೋರಿಸಲು 2014ರಲ್ಲಿ ಬಂದ ‘ಗ್ರಫಾನಾ’ ಜೊತೆಗೂಡುತ್ತದೆ.

ಏರ್ಪಾಡು ಮಾಡುವವರು ಗಮನಿಸಬೇಕಾದ ಕ್ರಮ ಹೀಗಿದೆ. ಮೂರೂ ಯಂತ್ರಗಳ ವಿಳಾಸಗಳನ್ನು ಬೇರೆಬೇರೆಯಾಗಿಯೇ ನಮೂದಿಸಬೇಕು. ಮೂರಕ್ಕೂ ಸಮಾನವಾದ ಒಂದೇ ಹೆಬ್ಬಾಗಿಲ ವಿಳಾಸವನ್ನು ಕೊಟ್ಟರೆ ಪ್ರತಿ ಸಲವೂ ಯಾವುದೋ ಒಂದು ಯಂತ್ರ ಉತ್ತರ ಕೊಟ್ಟು, ಕೆಟ್ಟದ್ದು ಮರೆಯಾಗಿಬಿಡುತ್ತದೆ. ಭಂಡಾರದ ಅಂಕಿಗಳ ಜೊತೆಗೆ ಯಂತ್ರದ ಸ್ವಂತ ಅಂಕಿಗಳಾದ ಡಿಸ್ಕಿನ ತೆರವು, ಸ್ಮೃತಿ ಮತ್ತು ಸಂಸ್ಕಾರಕದ ಹೊರೆಗಳನ್ನೂ ಸಂಗ್ರಹಿಸಬೇಕು. ಎಷ್ಟೋ ಎಣಿಕೆಗಳು ಮೊದಲಿನಿಂದ ಏರುತ್ತಲೇ ಹೋಗುವಂಥವಾದ್ದರಿಂದ ಅವುಗಳ ಮೊತ್ತಕ್ಕಿಂತ ಏರುವ ಗತಿಯನ್ನು ನೋಡಬೇಕು. ಪ್ರೊಮಿಥಿಯಸ್ ಸಹಜವಾಗಿ 15 ದಿನಗಳ ದಾಖಲೆಯನ್ನಷ್ಟೆ ಇಟ್ಟುಕೊಳ್ಳುವುದರಿಂದ, ತಿಂಗಳುಗಳ ಏರಿಳಿತವನ್ನು ಹೋಲಿಸಬಯಸುವವರು ಅವಧಿಯನ್ನು ಹೆಚ್ಚಿಸಿಕೊಳ್ಳಬೇಕು. ಕೆಲವು ವಾರಗಳ ಕಾಲ ಆರೋಗ್ಯದ ದಿನಗಳ ಚಿತ್ರವನ್ನು ಗಮನಿಸಿ ಬರೆದಿಟ್ಟುಕೊಳ್ಳಬೇಕು. ಆರೋಗ್ಯದ ಅಳತೆ ಅರಿಯದವನು ಅನಾರೋಗ್ಯವನ್ನು ಗುರುತಿಸಲಾರ.

5. ಕಾವಲುಗಾರನ ನೆಲೆ : ಒಂದು ನಿದರ್ಶನ

ಈ ಎಲ್ಲ ಏರ್ಪಾಡೂ ನಿಂತಿರುವ ನೆಲ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಅದರ ಮಹತ್ವವನ್ನು ಅಮೆರಿಕದಲ್ಲಿ ನಡೆದ ಘಟನೆಯೊಂದು ಸ್ಪಷ್ಟಪಡಿಸುತ್ತದೆ.

ದಿನಂಪ್ರತಿ ಸುಮಾರು 5 ಕೋಟಿ ಜನ ಬಳಸುತ್ತಿದ್ದ ‘ರೋಬ್ಲಾಕ್ಸ್’ ಎಂಬ ಆಟಗಳ ಸೇವೆ 2021ರ ಅಕ್ಟೋಬರ್ 28ರಿಂದ 31ರವರೆಗೆ, ಒಟ್ಟು 73 ಗಂಟೆಗಳ ಕಾಲ ಸ್ಥಗಿತವಾಯಿತು. ಅದರ ನಡುಗಂಬವಾಗಿದ್ದುದು ‘ಕಾನ್ಸುಲ್’ ಎಂಬ ವ್ಯವಸ್ಥೆ. ಅದೂ ರಾಫ್ಟ್ ವಿಧಾನವನ್ನು ಅನುಸರಿಸುವ, ಕೀ-ವ್ಯಾಲ್ಯೂ ಭಂಡಾರವನ್ನು ಒಳಗೊಂಡ ವಿತರಿತ ವ್ಯವಸ್ಥೆಯೇ. ಸಾಮಾನ್ಯ ದಿನಗಳಲ್ಲಿ ಅರ್ಧದಷ್ಟು ಬರಹಗಳು 300 ಮಿಲಿಸೆಕೆಂಡಿನೊಳಗೆ ಮುಗಿಯುತ್ತಿದ್ದರೆ, ಅಂದು ಆ ಕಾಲ 2 ಸೆಕೆಂಡಿಗೆ ಏರಿತ್ತು. ಯಂತ್ರದ ದೋಷವೆಂದು ಭಾವಿಸಿ ಯಂತ್ರ ಬದಲಿಸಿದರು. ಹೊರೆ ಹೆಚ್ಚಾಗಿದೆಯೆಂದು ಭಾವಿಸಿ ಇನ್ನೂ ಬಲಿಷ್ಠವಾದ ಯಂತ್ರಗಳನ್ನು ತಂದರು. ಎರಡರಿಂದಲೂ ಫಲ ದೊರೆಯಲಿಲ್ಲ. ಕೊನೆಗೆ, ಹೊಸದಾಗಿ ಬಳಕೆಗೆ ತಂದಿದ್ದ ಸೌಲಭ್ಯವೊಂದು ಅತಿಯಾದ ಓದು-ಬರಹದ ಹೊರೆಯಲ್ಲಿ ತಡೆಯೊಡ್ಡುತ್ತಿದ್ದುದು ತಿಳಿದು, ಅದನ್ನು ನಿಲ್ಲಿಸಿದ ಮೇಲೆ ವೇಗ ಮರಳಿತು. ಇದರ ಜೊತೆಗೆ, ದಿನಚರಿ ಕಡತವೊಂದರ ಗಾತ್ರ 4.2 ಗಿಗಾಬೈಟ್ ಆಗಿದ್ದರೂ ಅದರಲ್ಲಿದ್ದ ನಿಜವಾದ ಮಾಹಿತಿ 489 ಮೆಗಾಬೈಟ್ ಮಾತ್ರ ಎಂಬುದೂ, ಉಳಿದ ಖಾಲಿ ಗೂಡುಗಳ ಪಟ್ಟಿಯನ್ನು ಪ್ರತಿ ಬರಹದೊಡನೆ ಮತ್ತೆ ಮತ್ತೆ ಬರೆಯಬೇಕಾಗುತ್ತಿತ್ತೆಂಬುದೂ ಬೆಳಕಿಗೆ ಬಂದವು. ಒಟ್ಟು ಗಾತ್ರವನ್ನೂ ಬಳಕೆಯ ಗಾತ್ರವನ್ನೂ ಜೊತೆಯಾಗಿ ನೋಡಬೇಕೆಂಬ ಮೇಲಿನ ಸೂಚನೆಯ ಬೆಲೆ ಇಲ್ಲಿ ತಿಳಿಯುತ್ತದೆ.

ಕಾರಣ ಹುಡುಕಲು ಇಷ್ಟು ಕಾಲ ಹಿಡಿದುದೇಕೆ? 2022ರ ಜನವರಿಯಲ್ಲಿ ಆ ಸಂಸ್ಥೆಯೇ ನಿಸ್ಸಂಕೋಚವಾಗಿ ಪ್ರಕಟಿಸಿದ ವರದಿ ಒಂದು ಮುಖ್ಯ ಕಾರಣವನ್ನು ಹೇಳುತ್ತದೆ. ರೋಗವನ್ನು ತೋರಿಸಿಕೊಡಬೇಕಾಗಿದ್ದ ಮೇಲ್ವಿಚಾರಣಾ ವ್ಯವಸ್ಥೆಗಳೇ ರೋಗಗ್ರಸ್ತವಾಗಿದ್ದ ಕಾನ್ಸುಲ್ ಮುಂತಾದವನ್ನು ಅವಲಂಬಿಸಿದ್ದವು. ಮನೆಗೆ ಬೆಂಕಿ ಬಿದ್ದಾಗ ಬಾವಿಯ ಹಗ್ಗವೂ ಆ ಮನೆಯೊಳಗೇ ಇದ್ದಂತಾಯಿತು. ಕಾಯುವವನು ಕಾಯಲ್ಪಡುವುದರಿಂದ ಪ್ರತ್ಯೇಕವಾಗಿ ನಿಂತಿರಬೇಕು ಎಂಬುದು ಇದರಿಂದ ಸಿದ್ಧವಾಗುವ ಮೊದಲ ಪಾಠ. ಭಂಡಾರದ ಯಂತ್ರಗಳು, ಜಾಲ ಮತ್ತು ವಿದ್ಯುತ್ತಿಗೆ ಏನೇ ಆದರೂ ಮೇಲ್ವಿಚಾರಣೆಯ ಯಂತ್ರ ನಡೆಯುತ್ತಿರಬೇಕು.

ಹಾಗಾದರೆ ಕಾವಲುಗಾರನನ್ನು ಕಾಯುವವರಾರು? ಇದಕ್ಕೊಂದು ಸರಳ ಉಪಾಯವಿದೆ. ‘ಎಲ್ಲವೂ ಕ್ಷೇಮ’ ಎಂಬ ಸಂದೇಶವೊಂದು ಮೇಲ್ವಿಚಾರಣೆಯಿಂದ ಹೊರಗಿನ ಇನ್ನೊಂದು ಸ್ಥಳಕ್ಕೆ ಸದಾ ಹೋಗುತ್ತಿರುವಂತೆ ಮಾಡುವುದು. ಆ ಸಂದೇಶ ನಿಂತರೆ ಮೌನವೇ ಎಚ್ಚರಿಕೆಯ ಗಂಟೆಯಾಗುತ್ತದೆ. ರಾತ್ರಿ ಗಸ್ತಿನವನ ಕೋಲಿನ ಸದ್ದು ಕೇಳಿಸದಾದಾಗ ಊರು ಎಚ್ಚರಗೊಳ್ಳುತ್ತಿದ್ದುದೂ ಹೀಗೆಯೇ.

6. ಎಚ್ಚರಿಕೆಯ ಶಿಸ್ತು

‘ಹುಲಿ ಬಂತು’ ಎಂದು ಸುಳ್ಳಾಗಿ ಕೂಗಿದ ದನ ಕಾಯುವ ಹುಡುಗನ ಕಥೆಯನ್ನು ಅರಿಯದವರಿಲ್ಲ. ಕ್ಷುಲ್ಲಕ ಕಾರಣಕ್ಕೆಲ್ಲ ರಾತ್ರಿ ಎಬ್ಬಿಸುವ ಎಚ್ಚರಿಕೆಗಳು ಕೊನೆಗೆ ನಿಜವಾದ ಹುಲಿಯನ್ನೂ ಸುಳ್ಳಾಗಿಸುತ್ತವೆ. ಪ್ರತಿ ಎಚ್ಚರಿಕೆಗೂ ಇದನ್ನು ಕೇಳಿದವರು ಯಾರು, ಅವರು ಮಾಡಬೇಕಾದ ಕೆಲಸವೇನು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟಿರಬೇಕು. ಉತ್ತರವಿಲ್ಲದ ಎಚ್ಚರಿಕೆಯನ್ನು ತೆಗೆದುಹಾಕುವುದೇ ಲೇಸು.

ನಾಯಕನಿಲ್ಲದ ಸ್ಥಿತಿ ಒಂದು ನಿಮಿಷ ಮುಂದುವರಿದರೆ ತಕ್ಷಣವೇ ಎಬ್ಬಿಸಬೇಕು. ಮೂರರಲ್ಲಿ ಒಂದು ಯಂತ್ರ ನಿಂತರೆ ಬಳಕೆದಾರರು ಸುಖವಾಗಿದ್ದಾರೆಂದು ಮುಂದೂಡದೆ ಅದೇ ದಿನ ಸರಿಪಡಿಸಬೇಕು. ಗಾತ್ರ ಮಿತಿಯ ಮುಕ್ಕಾಲು ಭಾಗ ಮುಟ್ಟಿದರೆ ಹಗಲಿನಲ್ಲಿ ಗಮನಿಸುವಂತೆ ತಿಳಿಸಿದರೆ ಸಾಕು. ಡಿಸ್ಕಿನ ವೇಗ ಒಂದು ಕ್ಷಣ ಕುಗ್ಗಿದ್ದಕ್ಕೆ ಗಂಟೆ ಬಾರಿಸದೆ, ಹತ್ತು ನಿಮಿಷ ಹಾಗೆಯೇ ಇದ್ದರೆ ಬಾರಿಸಬೇಕು. ಹೀಗೆ ತುರ್ತು ಯಾವುದು, ತಾಳ್ಮೆಗೆ ಸಲ್ಲುವುದು ಯಾವುದು ಎಂಬ ವಿವೇಚನೆಯನ್ನು ಯಂತ್ರ ಮಾಡಲಾರದು. ಅದು ಮನುಷ್ಯರೇ ಮುಂಚಿತವಾಗಿ ಕುಳಿತು ನಿರ್ಣಯಿಸಬೇಕಾದ ವಿಷಯ.

7. ಪ್ರಯೋಗದಿಂದ ಪಾಠ

ಏರ್ಪಾಡು ಮುಗಿದ ಮೇಲೆ ಅದನ್ನು ಪರೀಕ್ಷಿಸದೆ ನಂಬಬಾರದು. ಪ್ರೌಢಶಾಲೆ-ಕಾಲೇಜುಗಳ ಗಣಕ ಕೊಠಡಿಯಲ್ಲಿಯೇ ಈ ಪರೀಕ್ಷೆಯನ್ನು ಮಾಡಿ ತೋರಿಸಬಹುದು ಎಂಬುದು ಸಂತೋಷದ ಸಂಗತಿ. ಎಟ್‌ಸಿಡಿ, ಪ್ರೊಮಿಥಿಯಸ್ ಎರಡೂ ಶುಲ್ಕವಿಲ್ಲದೆ ದೊರೆಯುವ ಮುಕ್ತ ತಂತ್ರಾಂಶಗಳು. ಮೂರು ಹಳೆಯ ಗಣಕಯಂತ್ರಗಳಿದ್ದರೆ ಸಾಕು. ಇಲ್ಲದಿದ್ದರೆ ಒಂದೇ ಯಂತ್ರದಲ್ಲಿ ಮೂರು ಪ್ರತಿಗಳನ್ನು ನಡೆಸಬಹುದು.

ವಿದ್ಯಾರ್ಥಿಗಳು ಮೊದಲು ಒಂದು ಬರಹವನ್ನು ಸೇರಿಸಿ ಓದಲಿ. ಅನಂತರ ಒಂದು ಪ್ರತಿಯನ್ನು ನಿಲ್ಲಿಸಿ ಮತ್ತೆ ಬರೆಯಲಿ. ಏನೂ ಆಗದಂತೆ ಕೆಲಸ ಸಾಗುವುದನ್ನು ಕಂಡು ಅವರು ಬೆರಗಾಗುವರು. ಆಗ ಉಪಾಧ್ಯಾಯರು ಮೇಲ್ವಿಚಾರಣೆಯ ಪರದೆಯ ಕಡೆಗೆ ಅವರ ಗಮನ ಸೆಳೆಯಬೇಕು. ಅಲ್ಲಿ ಮೂರರ ಬದಲು ಎರಡೇ ಹಾಜರಿ ಇರುತ್ತದೆ. ಬಳಿಕ ಎರಡನೆಯ ಪ್ರತಿಯನ್ನೂ ನಿಲ್ಲಿಸಲಿ. ಉಳಿದ ಯಂತ್ರ ಜೀವಂತವಾಗಿದ್ದರೂ ಬರಹಕ್ಕೆ ಒಪ್ಪಿಗೆ ದೊರೆಯದು. ನಾಯಕತ್ವದ ಅಂಕಿ 1ರಿಂದ 0ಗೆ ಇಳಿಯುತ್ತದೆ. ಮೊದಲ ನಷ್ಟಕ್ಕೂ ಎರಡನೆಯ ನಷ್ಟಕ್ಕೂ ನಡುವೆ ಇದ್ದ ಆ ಮೌನದ ಅವಧಿಯೇ ದುರಸ್ತಿಗೆ ದೊರೆತಿದ್ದ ಕಾಲವೆಂಬುದನ್ನು ಈ ಪ್ರಯೋಗ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಸುತ್ತದೆ.

ಕಣ್ಣಿಗೆ ಬೀಳುವ ಕೆಲಸಕ್ಕೆ ಮನ್ನಣೆ ಸುಲಭವಾಗಿ ದೊರೆಯುತ್ತದೆ. ಭಂಡಾರ ಕಟ್ಟಿದವರ ಹೆಸರು ಉಳಿದೀತು. ಅದನ್ನು ನಿತ್ಯ ನೋಡಿಕೊಂಡು, ಏನೂ ಅನಾಹುತ ಆಗದಂತೆ ಮಾಡಿದವರ ದುಡಿಮೆ ಯಾರಿಗೂ ಕಾಣುವುದಿಲ್ಲ. ಆದರೆ ಕಾಯಕದ ಹಿರಿಮೆ ಅದನ್ನು ಯಾರು ಕಂಡರೆಂಬುದರಲ್ಲಿಲ್ಲ. ಸಣ್ಣ ಗಾಯವನ್ನು ಸಕಾಲದಲ್ಲಿ ಕಂಡು, ಸದ್ದಿಲ್ಲದೆ ಸರಿಪಡಿಸುವ ಎಚ್ಚರವನ್ನು ವಿದ್ಯಾರ್ಥಿದೆಸೆಯಲ್ಲಿಯೇ ರೂಢಿಸಿಕೊಂಡವರು ಮುಂದೆ ಯಂತ್ರಗಳ ನಡುವೆ ದುಡಿದರೂ ಜನಗಳ ನಡುವೆ ದುಡಿದರೂ ನಂಬಿಕೆಗೆ ಪಾತ್ರರಾಗುವರು.